‘ಏನೂ ತೊಂದರೆ ಇಲ್ಲಮ್ಮ’ ಅಂದಾಗ ನಾನು ಕೇಳಬೇಕಿದ್ದ ಪ್ರಶ್ನೆ

ಕ್ಯಾನ್ಸರ್ ಔಷಧಗಳ ಕ್ಲಿನಿಕಲ್ ಟ್ರಯಲ್‌ನಲ್ಲಿ ನಾನು ಕೋಆರ್ಡಿನೇಟರ್. ನಮ್ಮಲ್ಲಿಗೆ ಬರುವವರಿಗೆ ಅನ್ನನಾಳ ಅಥವಾ ಹೊಟ್ಟೆಯ ಕ್ಯಾನ್ಸರ್ ಆಪರೇಷನ್ ಮಾಡಿ ತೆಗೆಯುವ ಹಂತ ದಾಟಿರುತ್ತದೆ. ಎರಡು ಮೂರು ಔಷಧ ಸೇರಿಸಿ ಕೊಡುತ್ತಾರೆ. ಚಿಕಿತ್ಸೆ ನಿರ್ಧರಿಸುವುದು ಡಾಕ್ಟರು. ನನ್ನದು ಕೇಳುವ ಕೆಲಸ, ಬರೆಯುವ ಕೆಲಸ. ನಾನು ಕೇಳಿ ಬರೆದದ್ದನ್ನು ಡಾಕ್ಟರು ನೋಡಿ, ಗ್ರೇಡ್ ಸರಿ ಇದೆ ಅನ್ನಿಸಿದರೆ ಸಹಿ ಹಾಕುತ್ತಾರೆ. ಗ್ರೇಡ್ ಅಂದರೆ ಔಷಧದಿಂದ ಆದ ತೊಂದರೆ ಎಷ್ಟು ಜೋರು ಅನ್ನುವ ಅಂಕಿ; 1 ಅಂದರೆ ಸ್ವಲ್ಪ, ಅಂಕಿ ಏರಿದಷ್ಟೂ ತೊಂದರೆ ಜಾಸ್ತಿ.

ಒಬ್ಬ ಹಿರಿಯರಿದ್ದರು. ಅವರಿಗೆ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಮನೆಯಲ್ಲಿ ಕ್ಯಾಪೆಸಿಟಬಿನ್ ಮಾತ್ರೆ. ಮೊದಲ ಸೈಕಲ್, ಅಂದರೆ ಮೂರು ವಾರದ ಒಂದು ಸುತ್ತು, ಆದಮೇಲೆ, ತಣ್ಣನೆಯ ವಸ್ತು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ನಾಲ್ಕೈದು ದಿನಕ್ಕೆ ಹೋಗುತ್ತದೆ ಅಂದಿದ್ದರು. ಆಕ್ಸಾಲಿಪ್ಲಾಟಿನ್‌ನಲ್ಲಿ ಇದು ಮಾಮೂಲು. ಗ್ರೇಡ್ 1 ಅಂತ ಬರೆದೆ. ಮುಂದಿನ ಪ್ರತಿ ವಿಸಿಟ್‌ನಲ್ಲೂ “ಏನಾದರೂ ತೊಂದರೆ ಇದೆಯಾ?” ಅಂತ ಕೇಳುತ್ತಿದ್ದೆ. “ಏನೂ ತೊಂದರೆ ಇಲ್ಲಮ್ಮ, ಮೊದಲಿನ ಹಾಗೇ ಇದೆ” ಅನ್ನುತ್ತಿದ್ದರು. ನಾನು ಮತ್ತೆ ಗ್ರೇಡ್ 1 ಅಂತಲೇ ಬರೆಯುತ್ತಿದ್ದೆ.

ಆರನೇ ಸೈಕಲ್‌ನ ದಿನ ಅವರು ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದು ಅಂಗಿ ಹಾಕಿಕೊಳ್ಳುತ್ತಿದ್ದರು. ಗುಂಡಿ ಬೆರಳಿಗೆ ಸಿಗುತ್ತಿರಲಿಲ್ಲ. ಮೂರು ಸಲ ಜಾರಿತು. ಪಕ್ಕದಲ್ಲಿದ್ದ ಹೆಂಡತಿ ಏನೂ ಮಾತಾಡದೆ ಒಂದೊಂದೇ ಗುಂಡಿ ಹಾಕಿಕೊಟ್ಟರು. ದಿನಾ ಮಾಡಿ ರೂಢಿಯಾದ ಕೈ ಅದು, ನೋಡಿದರೇ ಗೊತ್ತಾಗುತ್ತಿತ್ತು.

“ಎಷ್ಟು ದಿನದಿಂದ ಹೀಗೆ?” ಅಂದೆ. ಹೆಂಡತಿಯೇ ಹೇಳಿದರು, “ಒಂದು ತಿಂಗಳಾಯಿತು ಮೇಡಂ. ಹೇಳಿದರೆ ಟ್ರಯಲ್‌ನಿಂದ ತೆಗೆದುಬಿಡುತ್ತಾರೆ, ಸುಮ್ನಿರು ಅಂದಿದ್ದಾರೆ ಇವರು.”

ಬರೆದದ್ದು ತಪ್ಪಾಗಿದೆ ಅನ್ನುವುದಕ್ಕಿಂತ, ಒಬ್ಬ ಮನುಷ್ಯ ನನ್ನ ಎದುರಿಗೇ ಕೂತು ಕೈ ಮುಚ್ಚಿಟ್ಟುಕೊಂಡಿದ್ದರು ಅನ್ನುವುದು ನನಗೆ ತುಂಬಾ ನೋವು ಕೊಟ್ಟಿತು. ಆಕ್ಸಾಲಿಪ್ಲಾಟಿನ್ ನರಗಳ ಮೇಲೆ ಎರಡು ರೀತಿ ಕೆಲಸ ಮಾಡುತ್ತದೆ. ಒಂದು, ತಣ್ಣಗೆ ತಾಗಿದಾಗ ಬಂದು ಕೆಲವೇ ದಿನದಲ್ಲಿ ಹೋಗುವ ಜೋಮು. ಇನ್ನೊಂದು, ಸೈಕಲ್ ಮೇಲೆ ಸೈಕಲ್ ಆಗುತ್ತಾ ಒಳಗೇ ಸೇರಿಕೊಂಡು, ನಡುವೆ ಹೋಗದೆ ಉಳಿಯುವ ಜೋಮು. ಔಷಧ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಅದು ಜಾಸ್ತಿಯಾಗಬಹುದು. ಅದಕ್ಕೇ ಬೇಗ ಹಿಡಿಯಬೇಕು. ಅವರು “ಮೊದಲಿನ ಹಾಗೇ” ಅಂದದ್ದನ್ನು ನಾನು ಮೊದಲನೆಯದು ಅಂದುಕೊಂಡೆ. ಆಗಲೇ ಎರಡನೆಯದು ಶುರುವಾಗಿತ್ತು. ತನ್ನ ಬಟ್ಟೆ ತಾನೇ ಹಾಕಿಕೊಳ್ಳಲು ಆಗದಿದ್ದರೆ ನಾವು ಬಳಸುವ ಅಳತೆಯಲ್ಲಿ ಅದು ಗ್ರೇಡ್ 3.

ಡಾಕ್ಟರು ಅಂದೇ ಆಕ್ಸಾಲಿಪ್ಲಾಟಿನ್ ನಿಲ್ಲಿಸಿದರು. ಮಾತ್ರೆ ಮುಂದುವರಿಯಿತು. ಹಳೆಯ ಹಾಳೆಯನ್ನು ನಾನು ಅಳಿಸಲಿಲ್ಲ, ಅಳಿಸುವಂತೆಯೂ ಇಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಕೆಳಗಿನ ಅಕ್ಷರ ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು, ಕಾರಣ, ಇವತ್ತಿನ ತಾರೀಖು, ನನ್ನ ಸಹಿ.

ಆಮೇಲೆ ಅವರಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದೆ. ಒಂದು ಔಷಧ ನಿಂತರೆ ಟ್ರಯಲ್‌ನಿಂದ ಹೊರಗೆ ಹಾಕಿದಂತಲ್ಲ. ಸ್ಕ್ಯಾನ್ ನಡೆಯುತ್ತದೆ, ನಾವು ನೋಡಿಕೊಳ್ಳುತ್ತಲೇ ಇರುತ್ತೇವೆ, ನಿಮ್ಮ ಫಲಿತಾಂಶ ನೀವು ಸೇರಿದ ಗುಂಪಿನಲ್ಲೇ ಲೆಕ್ಕಕ್ಕೆ ಬರುತ್ತದೆ ಅಂದೆ. ಇದೆಲ್ಲ ಒಪ್ಪಿಗೆ ಪತ್ರದಲ್ಲಿ ಇತ್ತು. ಮೊದಲ ದಿನದ ಗಾಬರಿಯಲ್ಲಿ ಅಷ್ಟು ಪುಟ ಯಾರ ತಲೆಗೆ ಹೋಗುತ್ತದೆ, ಅಲ್ವಾ? ಮತ್ತೆ ಮತ್ತೆ ಹೇಳಬೇಕಿತ್ತು. ನಾನು ಹೇಳಿರಲಿಲ್ಲ.

“ಡೋಸ್ ಕಡಿಮೆ ಮಾಡಿದರೆ ರೋಗ ಗೆಲ್ಲುವುದಿಲ್ವಾ?” ಅಂತ ಅವರು ಕೇಳಿದರು. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಬ್ರಿಟನ್‌ನ ಗೋ2 ಅನ್ನುವ ಟ್ರಯಲ್‌ನಲ್ಲಿ ವಯಸ್ಸಾದ, ಮೈಯಲ್ಲಿ ಶಕ್ತಿ ಕಡಿಮೆ ಇದ್ದ 514 ಜನರಿಗೆ ಇದೇ ಎರಡು ಔಷಧ ಕೊಟ್ಟರು. ಕೆಲವರಿಗೆ ಪೂರ್ತಿ ಡೋಸ್, ಕೆಲವರಿಗೆ ಶೇಕಡಾ 80, ಕೆಲವರಿಗೆ 60. ರೋಗವನ್ನು ತಡೆದು ಹಿಡಿಯುವುದರಲ್ಲಿ 60ರವರು ಹಿಂದೆ ಬೀಳಲಿಲ್ಲ. ತೊಂದರೆಯೂ ಅವರಿಗೇ ಕಡಿಮೆ. 2021ರಲ್ಲಿ ಅದು ಪ್ರಕಟವಾಯಿತು. ಆದರೆ ಅದು ಅಂಥವರ ಲೆಕ್ಕ, ಎಲ್ಲರಿಗೂ ಹೊಂದುವುದಿಲ್ಲ.

ರಿಯಲ್-3 ಟ್ರಯಲ್‌ನ ಕಥೆ ಇನ್ನೊಂದು ಥರ. ಅಲ್ಲಿ ಇದೇ ಕ್ಯಾನ್ಸರ್ ಇದ್ದ 553 ಜನ. ಮೂರು ಕೀಮೋ ಔಷಧಗಳ ಜೊತೆಗೆ ಪ್ಯಾನಿಟುಮುಮಾಬ್ ಅನ್ನುವ ನಾಲ್ಕನೆಯದನ್ನು ಅರ್ಧದಷ್ಟು ಜನರಿಗೆ ಸೇರಿಸಿದರು. ಭೇದಿ ಜಾಸ್ತಿಯಾಗಬಾರದು ಅಂತ ಆ ಗುಂಪಿಗೆ ಕೀಮೋದ ಡೋಸ್ ಸ್ವಲ್ಪ ಇಳಿಸಿದ್ದರು. ಸೇರಿಸಿಕೊಂಡವರು ಬದುಕಿದ ಮಧ್ಯಮ ಅವಧಿ (ಅರ್ಧದಷ್ಟು ಜನ ದಾಟಿದ ಅವಧಿ) 8.8 ತಿಂಗಳು. ಸೇರಿಸದವರದ್ದು 11.3. ಹೊಸ ಔಷಧ ಕೈಕೊಟ್ಟಿತಾ, ಇಳಿಸಿದ ಡೋಸ್ ಕೈಕೊಟ್ಟಿತಾ ಅನ್ನುವ ಚರ್ಚೆ ನಡೆಯಿತು. ಇಷ್ಟು ಸೂಕ್ಷ್ಮವಾದ ಲೆಕ್ಕ ನಿಂತಿರುವುದು ನಮ್ಮಂಥವರು ತುಂಬುವ ಸಣ್ಣ ಸಣ್ಣ ಚೌಕಗಳ ಮೇಲೆ. ನಾನು 3 ಇರುವ ಕಡೆ 1 ಬರೆದರೆ, ಈ ಔಷಧದ ಜೋಡಿ ಕೈಬೆರಳಿಗೆ ಒಳ್ಳೆಯದು ಅಂತ ಮುಂದೆ ಯಾರೋ ನಂಬುತ್ತಾರೆ.

ಈಗ “ತೊಂದರೆ ಇದೆಯಾ” ಅಂತ ನಾನು ಕೇಳುವುದಿಲ್ಲ. ಬೆಳಿಗ್ಗೆ ಅಂಗಿ ಯಾರು ಹಾಕಿದರು? ಫೋನ್‌ನಲ್ಲಿ ನಂಬರ್ ಒತ್ತಲು ಆಗುತ್ತದಾ? ಕಾಲಿನಿಂದ ಚಪ್ಪಲಿ ಜಾರಿದರೆ ಗೊತ್ತಾಗುತ್ತದಾ? ಭೇದಿಯ ಬಗ್ಗೆಯೂ ಹಾಗೆ. ಚಿಕಿತ್ಸೆಗೆ ಮೊದಲು ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದರು ಅನ್ನುವುದನ್ನು ಮೊದಲ ದಿನವೇ ಬರೆದುಕೊಳ್ಳುತ್ತೇನೆ. ಅದಕ್ಕಿಂತ ನಾಲ್ಕರಿಂದ ಆರು ಸಲ ಜಾಸ್ತಿಯಾದರೆ ಗ್ರೇಡ್ 2, ಏಳು ಅಥವಾ ಅದಕ್ಕಿಂತ ಜಾಸ್ತಿಯಾದರೆ 3. ಮೊದಲಿನ ಲೆಕ್ಕ ಇಲ್ಲದಿದ್ದರೆ ಯಾವ ಗ್ರೇಡೂ ಅಂದಾಜೇ. ಅನ್ನನಾಳದ ರೋಗಿಗಳಿಗೆ ಮಾತ್ರೆ ನುಂಗಲು ಆಗುತ್ತಿದೆಯಾ ಅಂತಲೂ ಕೇಳುತ್ತೇನೆ. ಉಳಿದ ಮಾತ್ರೆ ಎಣಿಸಿದರೆ ಎಷ್ಟು ಉಳಿಯಿತು ಅಂತ ಗೊತ್ತಾಗುತ್ತದೆ. ಯಾಕೆ ಉಳಿಯಿತು ಅಂತ ಕೇಳಿಯೇ ತಿಳಿಯಬೇಕು. ಮನೆಯವರ ಹತ್ತಿರವೂ ಮಾತಾಡುತ್ತೇನೆ, ಆದರೆ ರೋಗಿಯ ಎದುರಿಗೇ. ಬೆನ್ನ ಹಿಂದೆ ವಿಚಾರಿಸಿದರೆ ಆ ನಂಬಿಕೆ ಮತ್ತೆ ಬರುವುದಿಲ್ಲ.

ಆ ಹಿರಿಯರ ಜೋಮು ಆಕ್ಸಾಲಿಪ್ಲಾಟಿನ್ ನಿಂತ ಮೇಲೂ ಕೆಲವು ವಾರ ಜಾಸ್ತಿಯಾಯಿತು. ಮೊದಲೇ ಹೇಳಿದ್ದರಿಂದ ಅವರು ಹೆದರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಬಂದು ಕೂತರು. ನಾನು ಬಾಯಿ ತೆರೆಯುವ ಮೊದಲೇ ಎರಡೂ ಕೈ ಮೇಜಿನ ಮೇಲೆ ಚಾಚಿದರು. “ಇವತ್ತು ಕೆಳಗಿನ ಮೂರು ಗುಂಡಿ ನಾನೇ ಹಾಕಿಕೊಂಡೆ. ಮೇಲಿನವು ಇವಳು. ಬರೆದುಕೋಮ್ಮ” ಅಂದರು. ಅವರು ಹೇಳಿದ ಹಾಗೇ ಬರೆದುಕೊಂಡೆ.