ಪಾಲೋ ವರ್ಡೆ ಮರದಡಿ ಎಣಿಕೆಗೆ ಸಿಗದ ಕಳ್ಳಿ

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಕಟ್ಟಡ ಏಳುವ ಮುನ್ನ ಆ ಜಾಗದ ಗಿಡಮರಗಳ ಸಮೀಕ್ಷೆ ಮಾಡುವುದು ನನ್ನ ಕೆಲಸ. ಸೊನೊರಾ ಮರುಭೂಮಿಯ ಈ ಊರಿನಲ್ಲಿ ಜಮೀನು ಅಭಿವೃದ್ಧಿಪಡಿಸಲು ಹೊರಟವರು ನಿವೇಶನದ ನಕ್ಷೆಯ ಜೊತೆಗೆ ಸ್ಥಳೀಯ ಸಸ್ಯಗಳ ಸಂರಕ್ಷಣಾ ಯೋಜನೆಯನ್ನೂ ನಗರಾಡಳಿತಕ್ಕೆ ಸಲ್ಲಿಸಬೇಕಾಗುತ್ತದೆ. ಸಂರಕ್ಷಿತ ಸಸ್ಯಗಳ ಪಟ್ಟಿಯಲ್ಲಿರುವ ಪ್ರತಿಯೊಂದು ಗಿಡವನ್ನೂ ಎಣಿಸಿ, ಇದ್ದಲ್ಲೇ ಉಳಿಸುವುದೋ, ಕಿತ್ತು ಬೇರೆಡೆ ನೆಡುವುದೋ, ತೆಗೆದುಹಾಕುವುದೋ ಎಂದು ಬರೆದುಕೊಡಬಹುದು. ಇಲ್ಲವೇ ಕನಿಷ್ಠ ಶೇ. 30ರಷ್ಟು ನೆಲವನ್ನು ಮುಟ್ಟದೆ ಬಿಡಬಹುದು. ಇದಲ್ಲದೆ ರಾಜ್ಯದ ಕೃಷಿ ಇಲಾಖೆಗೂ ಮುಂಚಿತವಾಗಿ ತಿಳಿಸಬೇಕು: ಜಮೀನು ಒಂದು ಎಕರೆಗಿಂತ ಕಡಿಮೆಯಾದರೆ 20 ದಿನ, ಒಂದರಿಂದ 40 ಎಕರೆಯೊಳಗಿದ್ದರೆ 30 ದಿನ, 40 ಎಕರೆ ಅಥವಾ ಅದಕ್ಕೂ ದೊಡ್ಡದಾದರೆ 60 ದಿನ ಮೊದಲು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ನಿವೇಶನದಲ್ಲಿ ಕಾಂಡ ಸೀಳಿದ್ದ, ಪಾಲೋ ವರ್ಡೆ ಎಂಬ ಇಲ್ಲಿನ ಹಸಿರು ತೊಗಟೆಯ ಮರವೊಂದಕ್ಕೆ 'ತೆಗೆಯಬಹುದು' ಎಂಬ ಪಟ್ಟಿ ಕಟ್ಟಿ ಮುಂದೆ ನಡೆದೆ. ಮರುಪರಿಶೀಲನೆಗೆ ಬಂದ ಹಿರಿಯ ಸಹೋದ್ಯೋಗಿ ಮಂಡಿಯೂರಿ ಕುಳಿತು, ನೆಲಕ್ಕೆ ತಾಗಿದ್ದ ಮುಳ್ಳುಕೊಂಬೆಯನ್ನು ಕೋಲಿನಿಂದ ಮೇಲೆತ್ತಿ ನನ್ನನ್ನು ಕರೆದರು. ಒಣ ಎಲೆಗಳ ನಡುವೆ ಗೇಣುದ್ದದ ಸಗುವಾರೋ ಕಳ್ಳಿಯೊಂದು ನಿಂತಿತ್ತು. ಮೊದಲ ಎಂಟು ವರ್ಷಗಳಲ್ಲಿ ಒಂದೂವರೆ ಇಂಚಿನಷ್ಟು ಮಾತ್ರ ಬೆಳೆಯುವ, ತೋಳಿನಂಥ ಕವಲು ಮೂಡಲು 50ರಿಂದ 75 ವರ್ಷ ತೆಗೆದುಕೊಳ್ಳುವ ಈ ಕಳ್ಳಿಗೆ ಎಳವೆಯಲ್ಲಿ ಬಿಸಿಲು ಮತ್ತು ಹಿಮದಿಂದ ಕಾಯುವ ಸಾಕುತಾಯಿ ಮರವೊಂದು ಬೇಕು. ಆ ಸಾಕುತಾಯಿಯನ್ನೇ ನಾನು ನಿರುಪಯೋಗಿಯೆಂದು ಬರೆದಿದ್ದೆ. ಮರದ ಆರೋಗ್ಯವನ್ನು ಅಳೆಯುವ ಭರದಲ್ಲಿ ಅದರ ನೆರಳಿನಲ್ಲಿ ಯಾರಿದ್ದಾರೆಂದು ನೋಡದೇ ಹೋದದ್ದು ನನ್ನನ್ನು ಬಹಳ ದಿನ ಕಾಡಿತು.

ಚಿತ್ರದುರ್ಗದ ಕಡೆಯವನಾದ ನನಗೆ ಇಲ್ಲಿನ ಪಟ್ಟಿಯಲ್ಲಿ ಮೆಸ್ಕೀಟ್ ಮರವನ್ನು ಕಂಡು ಮೊದಲು ಅಚ್ಚರಿಯಾಗಿತ್ತು. ಅದು ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಹೊರಗಿನಿಂದ ಬಂದು ನಮ್ಮ ಹೊಲ, ಕೆರೆಯಂಗಳಗಳನ್ನು ಆವರಿಸಿದ ಜಾತಿಯ ಬಂಧುವನ್ನು ಇಲ್ಲಿ ಲೆಕ್ಕವಿಟ್ಟು ಕಾಪಾಡುತ್ತಾರೆ, ಏಕೆಂದರೆ ಇದು ಅದರ ತವರು.

ಅಂದು ನಕ್ಷೆಯಲ್ಲಿ ವಾಹನ ನಿಲುಗಡೆಯ ಗೆರೆಯನ್ನು ಸ್ವಲ್ಪ ಸರಿಸಿ ಮರ ಮತ್ತು ಕಳ್ಳಿ ಎರಡನ್ನೂ ಉಳಿಸಿಕೊಂಡೆವು. ಸಗುವಾರೋವನ್ನು ಕಿತ್ತು ನೆಡುವುದು ಸಾಧ್ಯವಿಲ್ಲವೆಂದಲ್ಲ. ಆದರೆ ಉತ್ತರಕ್ಕಿದ್ದ ಮೈಗೆ ಗುರುತು ಹಾಕಿ, ಹೊಸ ಜಾಗದಲ್ಲೂ ಅದೇ ದಿಕ್ಕಿಗೆ ನಿಲ್ಲಿಸದಿದ್ದರೆ ಬಿಸಿಲು ಕಾಣದ ತೊಗಲು ಸುಟ್ಟುಹೋಗುತ್ತದೆ. ಇದ್ದಲ್ಲೇ ಉಳಿಸುವುದಕ್ಕೆ ಸಮನಾದದ್ದು ಬೇರೆ ಇಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಅಂದಿನಿಂದ ಪ್ರತಿ ಮರದ ಸುತ್ತ ಒಂದು ಸುತ್ತು ಹಾಕಿ, ಕುಳಿತು, ಕೊಂಬೆ ಎತ್ತಿ ನೋಡಿದ ಮೇಲೆಯೇ ಪಟ್ಟಿ ಕಟ್ಟುತ್ತೇನೆ. ರಕ್ಷಣಾ ಬೇಲಿಯ ಗೂಟಗಳನ್ನೂ ಬುಡದ ಪಕ್ಕದಲ್ಲಲ್ಲ, ಕೊಂಬೆಗಳ ತುದಿಯಿಂದ ಆಚೆಗೆ, ಬುಲ್ಡೋಜರ್ ಬರುವ ಮೊದಲೇ ಹೊಡೆಸುತ್ತೇನೆ.