ಫೋನ್ ಹಿಡಿದು ಕಾಯುವಾಗ

ಯಾವುದೋ ಆಫೀಸಿಗೆ ಫೋನ್ ಮಾಡಿ, ಒಬ್ಬರಿಂದ ಒಬ್ಬರಿಗೆ ದಾಟಿಸಿಕೊಂಡು ಸುಸ್ತಾದಾಗಲೆಲ್ಲ ನನಗೆ ಕಾರ್ಲ್ ವ್ಯಾಲೆಂಟಿನ್ ನೆನಪಾಗುತ್ತಾರೆ. 1882ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹುಟ್ಟಿದ ಕ್ಯಾಬರೆ ಹಾಸ್ಯಗಾರ, ಅಂದರೆ ಸಣ್ಣ ವೇದಿಕೆಗಳಲ್ಲಿ ಹಾಡು, ಪ್ರಹಸನ ಮಾಡಿ ನಗಿಸುತ್ತಿದ್ದವರು. ಕಡ್ಡಿಯಂಥ ಮೈ, ಉದ್ದ ಮೂಗು.

ಅವರದೊಂದು ಪ್ರಹಸನದಲ್ಲಿ ಪುಸ್ತಕ ಬೈಂಡ್ ಮಾಡುವವನೊಬ್ಬ ಕಂಪನಿಗೆ ಫೋನ್ ಮಾಡುತ್ತಾನೆ. ಪುಸ್ತಕಗಳು ರೆಡಿ ಇವೆ, ಬಿಲ್ಲನ್ನೂ ಜೊತೆಗೇ ಕಳಿಸಲಾ ಅಂತ ಕೇಳಬೇಕು, ಅಷ್ಟೇ. ಎತ್ತಿದವರೆಲ್ಲ ಇನ್ನೊಬ್ಬರಿಗೆ ಕೊಡುತ್ತಾರೆ. ಪಾಪ, ಅವನು ಪ್ರತಿ ಸಲ ಅದೇ ಮಾತನ್ನು ಮೊದಲಿಂದ ಹೇಳುತ್ತಾನೆ, ವಿನಯವಾಗಿ, ತಡವರಿಸುತ್ತಾ. ಕೊನೆಗೆ ಸಿಗುವ ಉತ್ತರ: ಆಫೀಸ್ ಮುಚ್ಚುವ ಹೊತ್ತಾಯಿತು, ನಾಳೆ ಮಾಡಿ!

ವ್ಯಾಲೆಂಟಿನ್‌ಗೆ ಉಬ್ಬಸ ಇತ್ತು, ಕಾಯಿಲೆಯ ಭಯವೂ ಜಾಸ್ತಿ. ಆರಾಮಾಗಿ ಬದುಕಿದವರ ಹಾಸ್ಯವಲ್ಲ ಅದು. ಅದಕ್ಕೇ ಅವರು ನನಗೆ ಇಷ್ಟ. ಆ ಬೈಂಡರ್ ನೆನಪಾದರೆ ನನ್ನ ಸಿಟ್ಟು ಅರ್ಧ ಇಳಿಯುತ್ತದೆ, ಸುಮ್ನೆ ಹೇಳ್ತಿಲ್ಲ.