ಹಲ್ಲು ಉದ್ದವಾಯ್ತಾ?

ಚಿಕ್ಕಮ್ಮನ ವಸಡಿನ ಚಿಕಿತ್ಸೆ ಮುಗಿದು ವರ್ಷವಾಗುತ್ತಾ ಬಂತು. ಮೊದಲು ಡೀಪ್ ಕ್ಲೀನಿಂಗ್ (ವಸಡಿನ ಕೆಳಗೂ ಹಲ್ಲಿನ ಬೇರು ಶುಚಿ ಮಾಡುವುದು) ಅಂದರೇನೇ ಭಯ. ಆಮೇಲೆ ಖುಷಿ. ಹಲ್ಲುಜ್ಜಿದರೆ ರಕ್ತ ಇಲ್ಲ, ಬಾಯಿ ವಾಸನೆ ಇಲ್ಲ. ಅದಾದ ಮೇಲೆ ಶುರುವಾಯಿತು ಸಿಟ್ಟು. "ದುಡ್ಡು ಕೊಟ್ಟು ಹಲ್ಲು ಉದ್ದ ಮಾಡಿಸಿಕೊಂಡೆ ನೋಡು. ಸಂದಿ ಬೇರೆ ಬಿಟ್ಟಿದೆ. ತಣ್ಣೀರು ಕುಡಿದರೆ ಜುಮ್ ಅನ್ನುತ್ತೆ!"

ನಿಜವಾಗಿ ಹಲ್ಲು ಬೆಳೆದಿರುವುದಿಲ್ಲ. ಬಾವು ಇಳಿದು ವಸಡು ಹಿಂದೆ ಸರಿದಾಗ, ಅದುವರೆಗೆ ಮುಚ್ಚಿಕೊಂಡಿದ್ದ ಬೇರು ಸ್ವಲ್ಪ ಕಾಣುತ್ತದೆ. ಗಟ್ಟಿ ಪಾಚಿ ತುಂಬಿದ್ದ ಸಂದಿ ಖಾಲಿಯಾಗುತ್ತದೆ. ವಸಡಿನ ಕಾಯಿಲೆಯಿಂದ ಹಲ್ಲಿನ ಸುತ್ತ ಕರಗಿದ ಮೂಳೆಯಂತೂ ಸಾಮಾನ್ಯವಾಗಿ ಮೊದಲಿನಂತೆ ಆಗುವುದಿಲ್ಲ. ಇದನ್ನೆಲ್ಲ ಮೊದಲೇ ಬಿಡಿಸಿ ಹೇಳಿದ್ದರೆ ಅರ್ಧ ಸಿಟ್ಟು ಇರುತ್ತಿರಲಿಲ್ಲ, ಅಲ್ವಾ?

ಈಗಿನ ಬೇಜಾರು ಬೇರೆ. ಮೂರ್ನಾಲ್ಕು ತಿಂಗಳಿಗೊಮ್ಮೆ ತಪಾಸಣೆ. ನೋವೇ ಇಲ್ಲ, ಸುಮ್ನೆ ಯಾಕೆ ಹೋಗಬೇಕು ಅನ್ನುತ್ತಾರೆ. (ಈ ಕಾಯಿಲೆ ಶುರುವಿನಲ್ಲೂ ಹೆಚ್ಚಾಗಿ ನೋಯುವುದಿಲ್ಲ, ಅದೇ ತೊಂದರೆ.) ಆದರೆ ಡಾಕ್ಟರು ಕಡ್ಡಿ ಇಟ್ಟು ಹಲ್ಲಿಗೂ ವಸಡಿಗೂ ನಡುವಿನ ಗುಳಿಯ ಆಳ ಅಳೆದು, ಹಿಂದೆ 6 ಮಿಲಿಮೀಟರ್ ಇದ್ದದ್ದು ಈಗ 4 ಅಂದಾಗ ಮುಖ ಅರಳುತ್ತದೆ. ಮನೆಗೆ ಬಂದು ಎಲ್ಲರಿಗೂ ಫೋನ್ ಮಾಡಿ ಹೇಳುತ್ತಾರೆ. ವಸಡಿಗೂ ಸಂಬಂಧವಿರುವ ಶುಗರ್ ರಿಪೋರ್ಟಿನ ವಿಷಯ ಮಾತ್ರ ಎತ್ತುವುದಿಲ್ಲ.